ಮೊದಲ ಫರ್ಟಿಲಿಟಿ ಅಪಾಯಿಂಟ್‌ಮೆಂಟ್: ಊರಲ್ಲೇ ತೋರಿಸುವುದಾ, ಸೀದಾ ಮಂಗಳೂರಿಗೆ ಹೋಗುವುದಾ?

ಮದುವೆಯಾಗಿ ಒಂದು ವರ್ಷ ಕಳೀಲಿಕ್ಕಿಲ್ಲ, ಯಾವ ಪೂಜೆಗೆ ಹೋದ್ರೂ ಯಾವ ಗೃಹಪ್ರವೇಶಕ್ಕೆ ಹೋದ್ರೂ ಊಟದ ಹಂತಿಯಲ್ಲಿ ಕೂತಲ್ಲಿಗೇ ಬಂದು "ಎಂತ, ವಿಶೇಷ ಏನೂ ಇಲ್ವಾ?" ಅಂತ ಕೇಳುವವರು ನಮ್ಮ ಕಡೆ ಬೇಕಾದಷ್ಟು ಜನ. ಮೂರು ವರ್ಷ ನಾನು ಅದಕ್ಕೆ ಉತ್ತರ ಹೇಳದೆ ತಲೆ ತಗ್ಗಿಸಿ ಉಂಡು ಎದ್ದು ಬಂದಿದ್ದೇನೆ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಇವರು ಶಾರ್ಜಾದಲ್ಲಿ, ವರ್ಷಕ್ಕೊಮ್ಮೆ 40 ದಿನ ರಜೆ. ಕೊನೆಗೂ ಡಾಕ್ಟರ್ ಹತ್ರ ಹೋದದ್ದು ಒಬ್ಬಳೇ, ಕೈಯಲ್ಲಿ ಒಂದು ಹಳೇ ಥೈರಾಯ್ಡ್ ರಿಪೋರ್ಟು ಬಿಟ್ರೆ ಬೇರೆ ಕಾಗದ ಇಲ್ಲ, ಕಳೆದ ತಿಂಗಳು ಯಾವ ತಾರೀಕಿಗೆ ಮುಟ್ಟಾದದ್ದು ಅಂತ ಕೇಳಿದ್ರೆ ಸರಿಯಾಗಿ ನೆನಪಿಲ್ಲ, ಗಂಡನ ಟೆಸ್ಟ್ ಆಗಿದ್ಯಾ ಅಂತ ಕೇಳಿದ್ರೆ ಇಲ್ಲ. ಆಮೇಲೆ ಒಂದು ವರ್ಷ ನನ್ನ ರಕ್ತ, ನನ್ನ ಸ್ಕ್ಯಾನು, ನನ್ನ ಟ್ಯೂಬು ಅಂದ್ರೆ ಗರ್ಭನಾಳ ಎಲ್ಲ ನೋಡಿ ಆಯ್ತು, ಎಲ್ಲ ಸರಿ ಉಂಟು ಅಂತ ಬಂತು. ಇವರ ರಿಪೋರ್ಟು ಸಿಕ್ಕಿದ್ದು ಹನ್ನೊಂದು ತಿಂಗಳು ಕಳೆದು ರಜೆಗೆ ಬಂದಾಗ, ವಿಷಯ ಇದ್ದದ್ದು ಅದ್ರಲ್ಲಿ.

ಬೇರೆ ಯಾರಿಗೂ ಆ ಹನ್ನೊಂದು ತಿಂಗಳು ಹಾಗೆ ಹೋಗ್ಬಾರ್ದು, ಅದಕ್ಕೇ ಬರೀತಿದ್ದೇನೆ. ನಾನು ಡಾಕ್ಟರ್ ಅಲ್ಲ, ಆದ್ರೆ ಇಷ್ಟು ವರ್ಷದಲ್ಲಿ ಕೇಳಿ ಓದಿ ತಿರುಗಿ ತಿಳ್ಕೊಂಡದ್ದು ಉಂಟು.

ಈಗಲೇ ಹೋಗುವುದಾ, ಇನ್ನೂ ಕಾಯುವುದಾ

ಡಾಕ್ಟರುಗಳ ಲೆಕ್ಕ ಹೀಗೆ. ಹೆಂಗಸಿಗೆ 35 ಆಗಿಲ್ಲ ಅಂತಾದ್ರೆ, ಏನೂ ತಡೆ ಮಾಡದೆ 12 ತಿಂಗಳು ನೋಡಿಯೂ ಬಸುರು ನಿಲ್ಲದಿದ್ರೆ ತೋರಿಸಬೇಕು, 35 ದಾಟಿದ್ರೆ 6 ತಿಂಗಳಿಗೇ, 40 ದಾಟಿದ್ರೆ ಕಾಯ್ಲಿಕ್ಕೇ ಇಲ್ಲ. ಮತ್ತೆ ಕೆಲವರು ಪ್ರಾಯ ಎಷ್ಟಾದ್ರೂ ಕಾಯಬಾರ್ದು: ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವವರು, ಮುಟ್ಟಿನಲ್ಲಿ ಏಳ್ಲಿಕ್ಕೇ ಆಗದಷ್ಟು ನೋವು ಇರುವವರು, ಹೊಟ್ಟೆಯ ಆಪರೇಷನ್ ಆದವರು, ಹಿಂದೆ ಟಿಬಿ ಬಂದವರು, ಗಂಡಸರಲ್ಲಿ ದೊಡ್ಡವರಾದ ಮೇಲೆ ಕೆಪ್ಪಟ್ರಾಯ ಅಂದ್ರೆ ಮಂಗನಬಾವು ಬಂದವರು, ಸಣ್ಣದಿರುವಾಗ ಬೀಜ ಕೆಳಗಿಳಿಯದೆ ಆಪರೇಷನ್ ಮಾಡಿದವರು.

ಆದ್ರೆ ನಮ್ಮ ಕಾಸರಗೋಡಿನವರಿಗೆ ಇನ್ನೊಂದು ಲೆಕ್ಕ ಬೇಕು. ಮದುವೆಯಾಗಿ ಎರಡು ವರ್ಷ ಆಯ್ತು ಅಂತ ನಾವು ಹೇಳ್ತೇವೆ, ಒಟ್ಟಿಗೆ ಇದ್ದದ್ದು ನೋಡಿದ್ರೆ ಎರಡು ರಜೆ ಸೇರಿ 80 ದಿನ, ಅಂದ್ರೆ ಮೂರು ಮುಟ್ಟಿನ ಚಕ್ರವೂ ಪೂರ್ತಿ ಇಲ್ಲ. ಒಂದು ತಿಂಗಳಲ್ಲಿ ಬಸುರು ನಿಲ್ಲುವ ಸಾಧ್ಯತೆ ಇರುವುದೇ ಸುಮಾರು ಆರು ದಿನ, ಮೊಟ್ಟೆ ಬಿಡುಗಡೆ ಆಗುವ ದಿನ ಮತ್ತು ಅದಕ್ಕಿಂತ ಮೊದಲಿನ ಐದು ದಿನ, ಆ ಆರು ದಿನ ಒಂದು ರಜೆಯಲ್ಲಿ ಒಂದೋ ಎರಡೋ ಸಲ ಮಾತ್ರ ಬರುವುದು, ಹಾಗಾಗಿ ಯಾರಿಗೂ ಏನೂ ತೊಂದರೆ ಇಲ್ಲದೆಯೂ ಆಗದೆ ಇರಬಹುದು. ಹಾಗಾಗಿ ಡಾಕ್ಟರ್ ಹತ್ರ "ಮದುವೆಯಾಗಿ ಎರಡು ವರ್ಷ" ಅಂತ ಮಾತ್ರ ಹೇಳಬೇಡಿ, ಒಟ್ಟಿಗೆ ಇದ್ದದ್ದು ಎಷ್ಟು ತಿಂಗಳು ಅಂತ ಹೇಳಿ. ಅದು ಹೇಳದಿದ್ರೆ ಬೇಡದ ಮದ್ದು ಶುರುವಾಗಬಹುದು. ಹಾಗಂತ ಒಟ್ಟಿಗೆ 12 ತಿಂಗಳು ಆಗ್ಲಿ ಅಂತ ಕಾದ್ರೆ ಹತ್ತು ವರ್ಷ ಬೇಕಾದೀತು, ಆದ ಕಾರಣ ಗಲ್ಫಿನವರು ಮದ್ದಿಗೆ ಅರ್ಜೆಂಟ್ ಮಾಡದೆ, ಬೇಸಿಕ್ ಟೆಸ್ಟುಗಳನ್ನು ಮಾತ್ರ ಬೇಗ ಮಾಡಿಸಿಡುವುದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಇದರ ಮಧ್ಯೆ ಹಿರಿಯರು ಮೊದಲು ಕುಕ್ಕೆಯಲ್ಲಿ ಸರ್ಪಸಂಸ್ಕಾರ ಆಗ್ಲಿ, ಇಲ್ಲ ಆಶ್ಲೇಷ ಬಲಿ ಆಗ್ಲಿ, ಆಮೇಲೆ ಡಾಕ್ಟರ್ ಅಂತಾರೆ. ನಾವೂ ಮಾಡಿಸಿದ್ದೇವೆ, ನಂಬಿಕೆಯಿಂದಲೇ ಮಾಡಿಸಿದ್ದು, ಮನಸ್ಸಿಗೆ ಸಮಾಧಾನ ಸಿಕ್ಕಿದ್ದೂ ಹೌದು. ಆದ್ರೆ ಒಂದು ಮುಗಿದ ಮೇಲೆ ಇನ್ನೊಂದು ಅಂತ ಇಟ್ಕೊಳ್ಬೇಡಿ, ಸೇವೆಗೆ ಡೇಟ್ ಬುಕ್ ಮಾಡಿದ ದಿನವೇ ಡಾಕ್ಟರ್ ಹತ್ರವೂ ಬುಕ್ ಮಾಡಿ. ಎರಡಕ್ಕೂ ಒಂದಕ್ಕೊಂದು ಅಡ್ಡಿ ಇಲ್ಲ.

ಎಲ್ಲಿಗೆ ಹೋಗುವುದು

ನಮಗೆ ದಾರಿ ಮೂರು. ಒಂದು, ಕಾಸರಗೋಡು, ಕುಂಬಳೆ, ಉಪ್ಪಳ, ಕಾಞಂಗಾಡಿನಲ್ಲಿರುವ ಸಾಮಾನ್ಯ ಲೇಡಿ ಡಾಕ್ಟರ್, ಅಂದ್ರೆ ಗೈನಕಾಲಜಿಸ್ಟ್. ಎರಡು, ಸರ್ಕಾರಿ ಆಸ್ಪತ್ರೆ. ಮೂರು, ಮಂಗಳೂರಲ್ಲೋ ಕಣ್ಣೂರಲ್ಲೋ ಇರುವ ಫರ್ಟಿಲಿಟಿ ಸೆಂಟರ್.

ಹತ್ತಿರದ ಗೈನಕಾಲಜಿಸ್ಟ್‌ನ ದೊಡ್ಡ ಲಾಭ ಅಂದ್ರೆ ಹತ್ತಿರ ಇರುವುದೇ. ಮುಟ್ಟಾದ ಎರಡನೇ ದಿನ ರಕ್ತ ಕೊಡಬೇಕು, ಹನ್ನೆರಡನೇ ದಿನ ಸ್ಕ್ಯಾನಿಗೆ ಬರಬೇಕು ಅಂತ ಹೇಳಿದ್ರೆ ಬದಿಯಡ್ಕದಿಂದ ಬಸ್ಸು ಹತ್ತಿ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು, ಕೆಲಸಕ್ಕೆ ಹೋಗುವವರಿಗೆ ಅರ್ಧ ದಿನದ ರಜೆ ಸಾಕು. ಥೈರಾಯ್ಡು, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು, ಅಂಡಾಶಯದ ತೊಂದರೆಯಾದ ಪಿಸಿಒಡಿ, ಮೊಟ್ಟೆ ಬೆಳೆಯುವುದು ನೋಡುವ ಸ್ಕ್ಯಾನು, ಇದಕ್ಕೆಲ್ಲ ದೊಡ್ಡ ಸೆಂಟರ್ ಬೇಕಂತಲೇ ಇಲ್ಲ. ತೊಂದರೆ ಎಂತದೆಂದ್ರೆ ಅಲ್ಲಿ ಹೆರಿಗೆ ಕೇಸುಗಳ ಗದ್ದಲ, ಹೊಟ್ಟೆ ಮುಂದೆ ಬಂದ ಹತ್ತು ಹದಿನೈದು ಜನರ ಮಧ್ಯೆ ಟೋಕನ್ ಹಿಡ್ಕೊಂಡು ಕೂರುವುದು ಕೆಲವು ದಿನ ಬಹಳ ಕಷ್ಟ ಆಗ್ತದೆ, ಪರಿಚಯದವರು ಸಿಗುವುದು ಬೇರೆ. ಇನ್ನೊಂದು ತೊಂದರೆ, ಗಂಡನನ್ನು ಕರ್ಕೊಂಡು ಬಾ ಅಂತ ಗಟ್ಟಿಯಾಗಿ ಹೇಳದೆ ಹೆಂಡತಿಗೆ ಮಾತ್ರ ಮೊಟ್ಟೆ ಬೆಳೆಯುವ ಮಾತ್ರೆ ಕೊಡ್ತಾ ಹೋಗುವುದು. ನನಗೆ ಆದದ್ದು ಅದೇ. ಗಂಡನ ರಿಪೋರ್ಟ್ ನೋಡದೆ ಮೂರ್ನಾಲ್ಕು ತಿಂಗಳು ಮಾತ್ರೆ ಮುಂದುವರಿಸಿದ್ರೆ ದಯವಿಟ್ಟು ಕೇಳಿ, ಸುಮ್ಮನೆ ಇರಬೇಡಿ.

ಸರ್ಕಾರಿ ಅಂತಾದ್ರೆ ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾಸ್ಪತ್ರೆ, ಪರಿಯಾರಂ ಮೆಡಿಕಲ್ ಕಾಲೇಜು, ಗಡಿಯಿಂದ ಆಚೆ ಮಂಗಳೂರಿನ ಲೇಡಿಗೋಷನ್. ಬೇಸಿಕ್ ರಕ್ತ ಪರೀಕ್ಷೆಗೆ ಖರ್ಚು ತೀರಾ ಕಡಿಮೆ, ಕ್ಯೂ ಜಾಸ್ತಿ, ಪ್ರತಿಸಲ ಅದೇ ಡಾಕ್ಟರ್ ಸಿಗ್ತಾರೆ ಅಂತ ಇಲ್ಲ. ಸರ್ಕಾರಿಯಲ್ಲಿ ಐವಿಎಫ್, ಅಂದ್ರೆ ಮೊಟ್ಟೆಯನ್ನೂ ವೀರ್ಯಾಣುವನ್ನೂ ಲ್ಯಾಬಲ್ಲಿ ಸೇರಿಸುವ ಚಿಕಿತ್ಸೆ, ಇರುವುದು ಕಡಿಮೆ, ಕೇರಳದಲ್ಲಿ ತಿರುವನಂತಪುರದ ಎಸ್‌ಎಟಿ ಆಸ್ಪತ್ರೆಯಲ್ಲಿ ಉಂಟು, ನಮಗೆ ಅದು ಒಂದು ರಾತ್ರಿಯ ರೈಲು. ಕೇರಳ ಹೋಮಿಯೋ ಇಲಾಖೆಯ 'ಜನನಿ' ಅಂತ ಮಕ್ಕಳಾಗದವರಿಗೆ ಒಂದು ಯೋಜನೆಯೂ ಉಂಟು, ನಮ್ಮ ಕಡೆಯಿಂದ ಹೋಗುವವರು ಇದ್ದಾರೆ. ಯಾವ ಮದ್ದಿಗೆ ಹೋದ್ರೂ ನಾನು ಹೇಳುವುದು ಒಂದೇ, ವೀರ್ಯದ ಟೆಸ್ಟು ಮತ್ತು ಟ್ಯೂಬು ತೆರೆದುಂಟಾ ಅನ್ನುವುದು, ಈ ಎರಡು ಗೊತ್ತಿಲ್ಲದೆ ವರ್ಷಗಟ್ಟಲೆ ಮದ್ದು ಮಾಡಬಾರ್ದು. ಎರಡೂ ಟ್ಯೂಬ್ ಮುಚ್ಚಿದ್ರೆ ಯಾವ ಮಾತ್ರೆಯೂ ಅದನ್ನು ತೆರೆಯುವುದಿಲ್ಲ.

ಫರ್ಟಿಲಿಟಿ ಸೆಂಟರ್‌ನ ಲಾಭ, ಎಲ್ಲ ಒಂದೇ ಮಾಡಿನ ಕೆಳಗೆ. ಸ್ಕ್ಯಾನು, ರಕ್ತ, ವೀರ್ಯದ ಟೆಸ್ಟಿಗೆ ಪ್ರತ್ಯೇಕ ರೂಮು, ಗಂಡಸರನ್ನು ನೋಡುವ ಡಾಕ್ಟರ್ ಕೂಡ ಹೆಚ್ಚಾಗಿ ಅಲ್ಲೇ ಇರ್ತಾರೆ, ರಜೆಯಲ್ಲಿ ಬಂದ ಗಂಡ ಎರಡು ದಿನದಲ್ಲಿ ತನ್ನ ಪಾಲಿನ ಟೆಸ್ಟ್ ಮುಗಿಸಬಹುದು. ನಮ್ಮವರಿಗೆ ಮಂಗಳೂರಲ್ಲಿ ಭಾಷೆಯ ಸುಖವೂ ಉಂಟು. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಆದ್ರೆ ಮುಟ್ಟಿನ ವಿಷಯ, ಗಂಡ ಹೆಂಡಿರ ಒಳಗಿನ ವಿಷಯ ಬಿಡಿಸಿ ಹೇಳ್ಲಿಕ್ಕೆ ಬಾಯಿಗೆ ಬರುವುದು ಕನ್ನಡವೇ, ಇಲ್ಲ ತುಳು. ಯಾವ ಭಾಷೆಯಲ್ಲಿ ನಾಚಿಕೆ ಇಲ್ಲದೆ ಪೂರ್ತಿ ಹೇಳ್ಲಿಕ್ಕೆ ಆಗ್ತದೋ ಆ ಭಾಷೆಯ ಡಾಕ್ಟರನ್ನು ಹುಡುಕುವುದು ಸಣ್ಣ ವಿಷಯ ಅಲ್ಲ.

ಸೆಂಟರ್‌ನ ತೊಂದರೆ ದುಡ್ಡು ಮತ್ತು ಅವಸರ. ನಾವು ಹೋದ ಒಂದು ಕಡೆ ನನ್ನ ಹಳೇ ಫೈಲು ತೆರೆಯುವ ಮೊದಲೇ ಕೌನ್ಸೆಲರ್ ಐವಿಎಫ್ ಪ್ಯಾಕೇಜಿನ ಹಾಳೆ ಮುಂದಿಟ್ರು, ನನಗೆ ಆಗ 29, ಇವರ ರಿಪೋರ್ಟು ಇನ್ನೂ ಬರ್ಲೂ ಇಲ್ಲ. ಎದ್ದು ಬಂದೆವು. ಮೊದಲ ದಿನ ಯಾರೂ ಅಡ್ವಾನ್ಸ್ ಕಟ್ಟಬೇಡಿ. ಐವಿಎಫ್ ಒಂದು ಸಲಕ್ಕೆ ಲಕ್ಷದ ಮೇಲೆ, ಹೆಚ್ಚಿನ ಹೆಲ್ತ್ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಮಕ್ಕಳಾಗದ ಚಿಕಿತ್ಸೆಯನ್ನು ಹೊರಗಿಟ್ಟಿರ್ತಾರೆ, ಪಾಲಿಸಿಯ ಆ ಪುಟ ಓದಿಯೇ ಹೋಗಿ. ಮತ್ತೆ 2021ರಲ್ಲಿ ಬಂದ ಎಆರ್‌ಟಿ ಕಾಯ್ದೆ, ಅಂದ್ರೆ ಮಕ್ಕಳಾಗ್ಲಿಕ್ಕೆ ನೆರವಾಗುವ ಇಂಥ ಚಿಕಿತ್ಸೆಗಳ ಕಾಯ್ದೆ ಪ್ರಕಾರ ಈ ಕ್ಲಿನಿಕ್ಕುಗಳಿಗೆಲ್ಲ ರಿಜಿಸ್ಟ್ರೇಷನ್ ಕಡ್ಡಾಯ, ಲೆವೆಲ್ 1 ಆದ್ರೆ ವೀರ್ಯವನ್ನು ಗರ್ಭಕೋಶದೊಳಗೆ ಬಿಡುವ ಐಯುಐವರೆಗೆ, ಐವಿಎಫ್ ಮಾಡ್ಲಿಕ್ಕೆ ಲೆವೆಲ್ 2 ಬೇಕು. ರಿಜಿಸ್ಟ್ರೇಷನ್ ಉಂಟಾ, ಯಾವ ಲೆವೆಲ್ ಅಂತ ಕೌಂಟರಲ್ಲೇ ಕೇಳಬಹುದು, ಸಂಕೋಚ ಬೇಡ. ಅದೇ ಕಾಯ್ದೆಯಲ್ಲಿ ಹೆಂಗಸರಿಗೆ 50, ಗಂಡಸರಿಗೆ 55 ಅಂತ ಪ್ರಾಯದ ಮಿತಿಯೂ ಉಂಟು.

ಹಾಗಾದ್ರೆ ಯಾವುದು? 35ರ ಒಳಗಿನವರು, ಮುಟ್ಟು ಸರಿ ಇರುವವರು, ಒಟ್ಟಿಗೇ ವಾಸ ಇರುವವರು ಹತ್ತಿರದ ಒಳ್ಳೆ ಗೈನಕಾಲಜಿಸ್ಟ್ ಹತ್ರ ಶುರು ಮಾಡಿ, ಆರು ತಿಂಗಳಲ್ಲಿ ದಾರಿ ಕಾಣದಿದ್ರೆ ಮುಂದೆ ಹೋಗಿ. 35 ದಾಟಿದವರು, ಮೇಲೆ ಹೇಳಿದ ಟಿಬಿ, ಆಪರೇಷನ್, ಜೋರು ನೋವು ಇರುವವರು, ಗಂಡನ ರಿಪೋರ್ಟಲ್ಲಿ ತೊಂದರೆ ಬಂದವರು, ಮತ್ತೆ 40 ದಿನದ ರಜೆಯವರು ಸೀದಾ ಸೆಂಟರಿಗೆ ಹೋಗುವುದೇ ಲೇಸು. ದುಡ್ಡು ಬಿಗಿ ಇದ್ರೆ ಬೇಸಿಕ್ ಟೆಸ್ಟ್ ಸರ್ಕಾರಿಯಲ್ಲಿ ಮಾಡಿಸಿ ಆ ಕಾಗದ ಹಿಡ್ಕೊಂಡು ಸೆಂಟರಿಗೆ ಹೋಗಬಹುದು, ರಕ್ತದ ಎಷ್ಟೋ ರಿಪೋರ್ಟು ಅವರು ಒಪ್ತಾರೆ. ಮಂಗಳೂರನ್ನೇ ನಂಬಿದವರು ಊರಲ್ಲೂ ಒಬ್ಬ ಡಾಕ್ಟರ ಪರಿಚಯ ಇಟ್ಕೊಳ್ಳಿ. 2020ರ ಮಾರ್ಚಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಜನ ಎಷ್ಟು ಕಷ್ಟ ಪಟ್ಟದ್ದು ಮರೀಲಿಕ್ಕೆ ಆಗುವುದಿಲ್ಲ.

ಒಬ್ಬಳೇ, ಅತ್ತೆ ಜೊತೆ, ಗಂಡನ ಜೊತೆ

ಇದ್ರಲ್ಲಿ ನನಗೆ ಎರಡು ಮಾತಿಲ್ಲ, ಗಂಡನ ಜೊತೆ. ಮಕ್ಕಳಾಗದ ಕೇಸುಗಳಲ್ಲಿ ಹತ್ತಿರ ಹತ್ತಿರ ಅರ್ಧದಲ್ಲಿ ಗಂಡಸಿನ ಕಾರಣವೂ ಇರ್ತದೆ, ಒಂದೋ ಅವನದ್ದೇ, ಇಲ್ಲ ಇಬ್ಬರದ್ದೂ ಸೇರಿ. ಅತ್ತೆ ಅಮ್ಮ ಪ್ರೀತಿಯಿಂದಲೇ ಬರ್ತೇನೆ ಅಂತಾರೆ, ಬರ್ಲಿ, ಹೊರಗೆ ಕೂರ್ಲಿ, ಆದ್ರೆ ಒಳಗೆ ಹೋಗುವಾಗ ಬೇಡ. ಡಾಕ್ಟರ್ ಕೇಳುವ ಪ್ರಶ್ನೆಗಳು ಅಂಥವು: ವಾರಕ್ಕೆ ಎಷ್ಟು ಸಲ ಸೇರ್ತೀರಿ, ನೋವಾಗ್ತದಾ, ಮದುವೆಗೆ ಮೊದಲು ಬಸುರು ಆದದ್ದು ತೆಗೆಸಿದ್ದು ಉಂಟಾ. ಅತ್ತೆಯ ಎದುರು ಯಾವ ಸೊಸೆ ನಿಜ ಹೇಳಿಯಾಳು? ಗಂಡನ ಎದುರೂ ಹೇಳ್ಲಿಕ್ಕೆ ಆಗದ ವಿಷಯ ಇದ್ರೆ ಪರೀಕ್ಷೆಯ ಮಂಚಕ್ಕೆ ಹೋದಾಗ ಡಾಕ್ಟರ್ ಹತ್ರ ಮೆಲ್ಲ ಹೇಳಿ.

ಗಂಡಸರು ಹೇಳಲೇಬೇಕಾದ್ದೂ ಉಂಟು. ಬೀಡಿ ಸಿಗರೇಟು, ಕುಡಿಯುವುದು, ಶುಗರು, ಮತ್ತೆ ಜಿಮ್ಮಿನಲ್ಲಿ ಮಸಲ್‌ಗೆ ಅಂತ ಚುಚ್ಚಿಸಿಕೊಂಡ ಇಂಜೆಕ್ಷನ್. ಆ ಟೆಸ್ಟೊಸ್ಟೆರಾನ್, ಸ್ಟೆರಾಯ್ಡುಗಳು ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಿಬಿಡ್ತವೆ, ಗಲ್ಫಿನ ರೂಮುಗಳಲ್ಲಿ ಇದು ಮಾಡುವ ಹುಡುಗರು ಇದ್ದಾರೆ, ಗೊತ್ತಿಲ್ಲದೆ ಮಾಡ್ತಾರೆ. ಹೋಟೆಲಿನ ತಂದೂರಿ ಒಲೆ, ಬೇಕರಿಯ ಓವನ್ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವವರು ಅದನ್ನೂ ಹೇಳಿ, ಬೀಜಕ್ಕೆ ಬಿಸಿ ಒಗ್ಗುವುದಿಲ್ಲ. ತೋಟಕ್ಕೆ ಮದ್ದು ಬಿಡುವವರು ಯಾವ ಮದ್ದು ಅಂತ ಹೆಸರು ಬರ್ಕೊಂಡು ಹೋಗಿ. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆ ಗೇರು ತೋಪಿನ ಪಕ್ಕ ಬೆಳೆದವರು, ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಬಿಡ್ತಿದ್ದ ಕಾಲದವರು, ಗಂಡಸಾಗ್ಲಿ ಹೆಂಗಸಾಗ್ಲಿ ಅದನ್ನು ಹೇಳಿ. ಅದೇ ಕಾರಣ ಅಂತ ನಾವಾಗಿ ತೀರ್ಮಾನ ಮಾಡಬಾರ್ದು, ಆದ್ರೆ ಡಾಕ್ಟರಿಗೆ ಗೊತ್ತಿರಬೇಕು.

ಟೆಸ್ಟ್ ಮೊದಲೇ ಮಾಡಿಸುವುದಾ, ಡಾಕ್ಟರ್ ಹೇಳಿದ ಮೇಲೆ ಮಾಡಿಸುವುದಾ

ಹೆಂಗಸರದ್ದು ಡಾಕ್ಟರ್ ಹೇಳಿದ ಮೇಲೆ. ಲ್ಯಾಬುಗಳು ಫರ್ಟಿಲಿಟಿ ಪ್ಯಾಕೇಜ್ ಅಂತ ಇಪ್ಪತ್ತು ಟೆಸ್ಟ್ ಸೇರಿಸಿ ಕೊಡ್ತವೆ, ಅರ್ಧ ಬೇಡದ್ದು, ಮತ್ತೆ ತಪ್ಪು ದಿನ ರಕ್ತ ಕೊಟ್ರೆ ಪುನಃ ಕೊಡಬೇಕಾಗ್ತದೆ. ಗಂಡಸರ ವೀರ್ಯದ ಟೆಸ್ಟ್ ಮಾತ್ರ ಮೊದಲೇ ಮಾಡಿಸಿ ಆ ಕಾಗದ ಹಿಡ್ಕೊಂಡೇ ಹೋಗಿ. ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ, ಆದ್ರೂ ನಮ್ಮಲ್ಲಿ ಕೊನೆಗೆ ಮಾಡಿಸುವುದು ಅದನ್ನೇ.

ಅದಕ್ಕೆ ಮೊದಲು 2ರಿಂದ 7 ದಿನ ವೀರ್ಯ ಹೊರಗೆ ಹೋಗದೆ ಇರಬೇಕು, ಒಂದೇ ದಿನ ಆದ್ರೂ ಕಡಿಮೆ ಬರ್ತದೆ, ಹದಿನೈದು ದಿನ ಆದ್ರೂ ರಿಪೋರ್ಟ್ ಸರಿ ಬರುವುದಿಲ್ಲ, ಗಲ್ಫಿನಿಂದ ಇಳಿದ ಮರುದಿನವೇ ಓಡಬೇಡಿ. ಲ್ಯಾಬಲ್ಲೇ ಕೊಡುವುದಾ ಮನೆಯಿಂದ ತರುವುದಾ ಅಂತ ಕೇಳಿದ್ರೆ, ಸಾಧ್ಯ ಆದ್ರೆ ಲ್ಯಾಬಲ್ಲೇ. ಕೆಲವರಿಗೆ ಅಲ್ಲಿ ಆಗುವುದೇ ಇಲ್ಲ, ಅದು ಸಹಜ, ಹಾಗಿದ್ರೆ ಲ್ಯಾಬಿನಿಂದ ಮೊದಲೇ ಡಬ್ಬಿ ತಂದು ಮನೆಯಲ್ಲಿ ತೆಗೆದು ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಸಾಮಾನ್ಯ ಕಾಂಡಮ್ಮಲ್ಲಿ ಹಿಡಿಯಬಾರ್ದು, ಎಣ್ಣೆ ಸಾಬೂನು ತಾಗಬಾರ್ದು, ಒಂದು ಹನಿ ಚೆಲ್ಲಿದ್ರೂ ಲ್ಯಾಬಲ್ಲಿ ಹೇಳಬೇಕು. ಇವರು ಆ ಡಬ್ಬಿಯನ್ನು ಕರ್ಚೀಫಲ್ಲಿ ಸುತ್ತಿ ಅಂಗಿಯ ಒಳಗೆ ಬನಿಯನ್ನಿಗೆ ತಾಗಿಸಿ ಇಟ್ಕೊಂಡು, ಮೇಲೆ ಜಾಕೆಟ್ ಹಾಕಿ, ಬೈಕಲ್ಲಿ ಬದಿಯಡ್ಕದಿಂದ ಕಾಸರಗೋಡಿಗೆ ಹೋದದ್ದು, ಒಂದು ಕೈಯಲ್ಲಿ ಎದೆ ಒತ್ತಿ ಹಿಡ್ಕೊಂಡು. ಮೈಯ ಬಿಸಿಯಲ್ಲಿ ಇರಬೇಕು ಅಂತ ಲ್ಯಾಬಿನವರು ಹೇಳಿದ್ದನ್ನು ಅಷ್ಟು ಚಂದ ಪಾಲಿಸಿದ್ರು. ಪೆರ್ಲ, ಮುಳ್ಳೇರಿಯ ಕಡೆಯವರು ಮಂಗಳೂರಿಗೆ ಹೀಗೆ ಕೊಂಡೋಗ್ಲಿಕ್ಕೆ ನೋಡಬೇಡಿ, ಒಂದು ಗಂಟೆ ಸಾಕಾಗುವುದಿಲ್ಲ.

ರಿಪೋರ್ಟ್ ಕೈಗೆ ಬಂದಾಗ ಗಾಬರಿ ಆಗುವುದು ಬೇಡ. ಡಬ್ಲ್ಯುಎಚ್‌ಒ ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಪುಸ್ತಕದ ಪ್ರಕಾರ ಕೆಳಗಿನ ಮಿತಿ ಒಂದು ಎಂಎಲ್‌ಗೆ 160 ಲಕ್ಷ ವೀರ್ಯಾಣು, ಅಲ್ಲಾಡುವುದು 42%, ಸರಿಯಾದ ಆಕಾರದ್ದು ಬರೀ 4%. "96 ಪರ್ಸೆಂಟ್ ಹಾಳಾಗಿದೆ" ಅಂತ ಅತ್ತ ಗಂಡಸರು ಇದ್ದಾರೆ, 4 ಅಂದ್ರೆ ಮಿತಿಯಲ್ಲೇ ಉಂಟು ಅಂತ ಲೆಕ್ಕ. ಕಡಿಮೆ ಬಂದ್ರೂ ಒಂದೇ ರಿಪೋರ್ಟಿನಲ್ಲಿ ತೀರ್ಮಾನ ಇಲ್ಲ, ವೀರ್ಯಾಣು ತಯಾರಾಗ್ಲಿಕ್ಕೆ ಸುಮಾರು 74 ದಿನ ಬೇಕು, ಎರಡು ತಿಂಗಳ ಹಿಂದೆ ಡೆಂಗಿ ಜ್ವರ ಬಂದಿದ್ರೂ ಅದು ಇವತ್ತಿನ ರಿಪೋರ್ಟಲ್ಲಿ ಕಾಣ್ತದೆ. ಅದಕ್ಕೇ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸ್ತಾರೆ. ಆದ್ರೆ ಒಂದೂ ಇಲ್ಲ, ಸೊನ್ನೆ ಅಂತ ಬಂದ್ರೆ ಮೂರು ತಿಂಗಳು ಕಾಯದೆ ಕೂಡ್ಲೇ ತೋರಿಸಿ.

ಹೆಂಗಸರಲ್ಲಿ ಎಎಂಎಚ್ ಟೆಸ್ಟ್ ಬಗ್ಗೆ ಇದೇ ಗಾಬರಿ. ಅದು ಮೊಟ್ಟೆ ಎಷ್ಟು ಉಳಿದಿದೆ ಅಂತ ಅಂದಾಜು ಹೇಳ್ತದೆ, ಮೊಟ್ಟೆ ಚಂದ ಉಂಟಾ ಇಲ್ವಾ ಅಂತ ಹೇಳುವುದಿಲ್ಲ, ಕಡಿಮೆ ಬಂದವರಿಗೂ ತಾನಾಗಿ ಬಸುರು ನಿಂತದ್ದು ಉಂಟು. ಟ್ಯೂಬ್ ನೋಡ್ಲಿಕ್ಕೆ ಎಚ್‌ಎಸ್‌ಜಿ ಅಂತ ಡೈ ಹಾಕಿ ಎಕ್ಸ್‌ರೇ ತೆಗೆಯುವುದು ಒಂದು, ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡುವ ಲ್ಯಾಪ್ರೊಸ್ಕೋಪಿ ಇನ್ನೊಂದು. ಮೊದಲಿಗೆ ಎಚ್‌ಎಸ್‌ಜಿ ಸಾಕು, ಮುಟ್ಟಿನ ನೋವಿನ ಹಾಗೆ ಹಿಡಿದು ಬಿಟ್ಟ ಹಾಗೆ ಆಗ್ತದೆ, ಒಂದು ಗಂಟೆ ಮೊದಲು ನೋವಿನ ಮಾತ್ರೆ ತಕೊಳ್ಳಬಹುದಾ ಕೇಳಿ, ವಾಪಸ್ ಬರುವಾಗ ಜೊತೆಗೆ ಯಾರಾದ್ರೂ ಇರ್ಲಿ. ಲ್ಯಾಪ್ರೊಸ್ಕೋಪಿ ಆಪರೇಷನ್ನೇ, ಅರಿವಳಿಕೆ ಕೊಟ್ಟು ಮಾಡುವುದು. ಮೊದಲ ದಿನವೇ ಅದನ್ನು ಬರೆದುಕೊಟ್ರೆ ಯಾಕೆ ಬೇಕು ಅಂತ ಕೇಳಿ, ಕಾರಣ ಹೇಳಿದ್ರೆ ಸರಿ.

ಕೈಯಲ್ಲಿ ಇರಬೇಕಾದ್ದು

ಇಬ್ಬರ ಆಧಾರ್, ಹಳೇ ರಿಪೋರ್ಟು ಸ್ಕ್ಯಾನು ಎಲ್ಲ ತಾರೀಕಿನ ಪ್ರಕಾರ, ಈಗ ತಿನ್ನುವ ಮಾತ್ರೆಗಳ ಪಟ್ಟಿ ಅಲ್ಲ, ಸ್ಟ್ರಿಪ್ಪನ್ನೇ ತಕೊಂಡು ಹೋಗಿ, ಕಷಾಯ ಲೇಹ್ಯ ಇದ್ರೆ ಅದನ್ನೂ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೊಗ್ರಾಂ ಈಗಲೇ ಶುರು ಮಾಡಬಹುದು, ಶುಗರ್ ಅಥವಾ ಅಪಸ್ಮಾರದ ಮದ್ದು ಇರುವವರಿಗೆ ಜಾಸ್ತಿ ಬೇಕಾಗ್ತದೆ, ಡಾಕ್ಟರಲ್ಲಿ ಕೇಳಿಯೇ. ರುಬೆಲ್ಲಾ ಇಂಜೆಕ್ಷನ್ ಆಗಿದ್ಯಾ ಅಂತ ಅಮ್ಮನಲ್ಲಿ ಕೇಳಿ ಇಡಿ, ಆಗದಿದ್ರೆ ಅದು ಹಾಕಿಸಿ ಒಂದು ತಿಂಗಳು ಬಸುರು ಆಗದ ಹಾಗೆ ನೋಡಿಕೊಳ್ಳಬೇಕು. ರೂಮಿನಿಂದ ಏಳುವ ಮೊದಲು ಇಷ್ಟು ಕೇಳಿ: ಇನ್ನು ಯಾವ ಟೆಸ್ಟ್ ಬಾಕಿ, ಯಾವ ದಿನಕ್ಕೆ, ಈ ಮದ್ದು ಎಷ್ಟು ತಿಂಗಳು ನೋಡುವುದು, ಆಗದಿದ್ರೆ ಮುಂದೆ ಎಂತ.

ಯಾವ ದಿನಕ್ಕೆ ಬುಕ್ ಮಾಡುವುದು

ಮಾತಾಡ್ಲಿಕ್ಕೆ ಯಾವ ದಿನವೂ ಆಗ್ತದೆ, ಮುಟ್ಟಿನಲ್ಲಿ ಇದ್ರೂ ಅಡ್ಡಿಯಿಲ್ಲ, ಎಷ್ಟೋ ಜನ ಅದಕ್ಕೇ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ತಾರೆ. ನಿಜವಾಗಿ ಎರಡನೇ ಮೂರನೇ ದಿನ ಹೋದ್ರೆ ಲಾಭವೇ, ಎಫ್‌ಎಸ್‌ಎಚ್ ಎಲ್‌ಎಚ್ ಅನ್ನುವ ಹಾರ್ಮೋನು ನೋಡ್ಲಿಕ್ಕೆ ರಕ್ತ ಕೊಡಬೇಕಾದ್ದು ಆ ದಿನಗಳಲ್ಲೇ, ಮೊಟ್ಟೆ ಎಣಿಸುವ ಒಳಗಿಂದ ಮಾಡುವ ಸ್ಕ್ಯಾನೂ ಆಗಲೇ ಆಗ್ತದೆ. ಥೈರಾಯ್ಡು, ಎಎಂಎಚ್ ಯಾವಾಗ್ಲೂ ಆಗ್ತದೆ. ಎಚ್‌ಎಸ್‌ಜಿ ಮುಟ್ಟು ನಿಂತ ಮೇಲೆ, ಹೆಚ್ಚಾಗಿ 6ರಿಂದ 10ನೇ ದಿನದೊಳಗೆ, ಮುಟ್ಟು ಶುರುವಾದಲ್ಲಿಂದ ಟೆಸ್ಟ್ ಆಗುವವರೆಗೆ ಸೇರಬಾರ್ದು. ಮೊಟ್ಟೆ ಬಿಟ್ಟಿದ್ಯಾ ನೋಡುವ ಪ್ರೊಜೆಸ್ಟೆರಾನ್ ರಕ್ತದ ಟೆಸ್ಟು 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ 21ನೇ ದಿನ, 35 ದಿನದವರಿಗೆ 28ನೇ ದಿನ, ಅಂದ್ರೆ ಮುಂದಿನ ಮುಟ್ಟಿಗೆ ಒಂದು ವಾರ ಮೊದಲು.

ಇದಕ್ಕೆಲ್ಲ ತಾರೀಕು ಬರೆದಿಡುವುದೇ ಮುಖ್ಯ, ಆರು ತಿಂಗಳದ್ದಾದ್ರೂ ಬೇಕು. ಫೋನಲ್ಲಿ ಆ್ಯಪ್ ಉಂಟು, ನನಗೆ ಅಡಿಗೆ ಕೋಣೆಯ ಬಾಗಿಲ ಹಿಂದೆ ತೂಗುವ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರೇ ಸುಲಭ. ತಿಥಿ ನಕ್ಷತ್ರದ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕಿ, ಶುರುವಾದ ದಿನಕ್ಕೆ ಒಂದು, ಮುಗಿದ ದಿನಕ್ಕೆ ಒಂದು, ಬೇರೆಯವರು ನೋಡಿದ್ರೆ ಹಾಲಿನ ಲೆಕ್ಕ ಅಂತ ಗ್ರಹಿಸಬೇಕು. ಎರಡನೇ ಸಲ ಡಾಕ್ಟರ್ ಹತ್ರ ಹೋಗುವಾಗ ಆ ಪುಟಗಳ ಫೋಟೋ ತೆಗೆದು ಇವರಿಗೂ ಕಳಿಸಿದ್ದೆ. ಈಗ ಇವರು ರಜೆಗೆ ಅರ್ಜಿ ಹಾಕುವ ಮೊದಲು, ವಿಮಾನದ ಟಿಕೆಟ್ ನೋಡುವ ಮೊದಲು, ಫೋನ್ ಮಾಡಿ ಚುಕ್ಕಿ ಯಾವ ತಾರೀಕಿಗೆ ಬಿದ್ದದ್ದು ಅಂತ ಕೇಳ್ತಾರೆ.